ಕರೆಂಟ್ ಹೋಗಿ ಬಂದ್ಮೇಲೆ ಡಿವೈಸ್ ತಾನಾಗೇ ಏಳಬೇಕು: ಬೂಟ್‌ಲೋಡರ್ ಡಿಫಾಲ್ಟ್ ಬಗ್ಗೆ ಒಂದು ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯ ಟೆಕ್ ಪುಟದಲ್ಲಿ ಹೊಸ ಡಿವೈಸ್‌ಗಳ ಬಗ್ಗೆ ಬರ್ತಾ ಇರತ್ತೆ, ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಆ್ಯಪ್ ಹೇಗಿದೆ ಅಂತೆಲ್ಲ ಓದ್ತೀವಿ. ಆದ್ರೆ ಸ್ವಿಚ್ ಹಾಕಿದ ಮೊದಲ ಎರಡು ಮೂರು ಸೆಕೆಂಡಲ್ಲಿ ಆ ಡಿವೈಸ್ ಏನು ಮಾಡತ್ತೆ, ಎಲ್ಲಿಂದ ಸಾಫ್ಟ್‌ವೇರ್ ಎತ್ಕೊಳ್ಳತ್ತೆ, ಅಲ್ಲಿ ಸಿಗಲಿಲ್ಲ ಅಂದ್ರೆ ಮುಂದೇನು, ಇದನ್ನ ಯಾರೂ ಬರೆಯೋದೇ ಇಲ್ಲ. ನಾನು ಎಂಬೆಡೆಡ್ ಲಿನಕ್ಸ್ ಬೋರ್ಡ್‌ಗಳ ಮೇಲೆ, ಅಂದ್ರೆ ಡಿವೈಸ್ ಒಳಗೇ ಕೂತು ಲಿನಕ್ಸ್ ಓಡಿಸೋ ಚಿಕ್ಕ ಕಂಪ್ಯೂಟರ್‌ಗಳ ಮೇಲೆ ಕೆಲಸ ಮಾಡೋನು. ರೌಟರ್, ಗೇಟ್‌ವೇ, ಮೀಟರ್, ಕ್ಯಾಮೆರಾ ರೆಕಾರ್ಡರ್ ಈ ಥರದ ಪೆಟ್ಟಿಗೆಗಳು "ಕರೆಂಟ್ ಹೋಗಿ ಬಂತು, ಅದಾದ್ಮೇಲೆ ಸತ್ತೇಹೋಯ್ತು" ಅಂತ ವಾಪಸ್ ಬರ್ತಾವಲ್ಲ, ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಸತ್ತಿರೋದೇ ಇಲ್ಲ ಅಂತ ಹೇಳೋಕೆ ಈ ಪತ್ರ ಬರೀತಿದೀನಿ. ಚಿಪ್ ಚೆನ್ನಾಗಿರತ್ತೆ, ಫ್ಲ್ಯಾಶ್ (ಕರೆಂಟ್ ಹೋದ್ರೂ ಅಳಿಯದ ಮೆಮೊರಿ) ಚೆನ್ನಾಗಿರತ್ತೆ, ಲಿನಕ್ಸ್ ಕೂಡ ಒಳಗೆ ಹಾಗೇ ಕೂತಿರತ್ತೆ, ಆದ್ರೆ ಅದನ್ನ ಎಬ್ಬಿಸಬೇಕಾದ ಬೂಟ್‌ಲೋಡರ್ ಮಾತ್ರ ದಾರಿ ತಪ್ಪಿ ಯಾರದೋ ಉತ್ತರಕ್ಕೆ ಕಾಯ್ತಾ ನಿಂತಿರತ್ತೆ.

ಬೂಟ್‌ಲೋಡರ್ ಅಂದ್ರೆ ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ತೀನಿ. ಪವರ್ ಬಂದ ತಕ್ಷಣ ಮೆಮೊರಿ ರೆಡಿ ಮಾಡಿ, ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಫೈಲ್ ಹುಡುಕಿ, ಅದನ್ನ ರ‍್ಯಾಮ್‌ಗೆ ತುಂಬಿ, ಬೋರ್ಡಲ್ಲಿ ಏನೇನಿದೆ ಅನ್ನೋ ವಿವರ (ಡಿವೈಸ್ ಟ್ರೀ ಅಂತೀವಿ) ಜೊತೆಗೆ ಕೊಟ್ಟು, "ಇನ್ನು ನೀನು ನೋಡ್ಕೋ" ಅಂತ ಬಿಟ್ಟುಕೊಡೋ ಚಿಕ್ಕ ಪ್ರೋಗ್ರಾಂ ಅದು. ಜಾಸ್ತಿ ಬಳಕೆಯಲ್ಲಿರೋದು ಯು-ಬೂಟ್. ಪವರ್‌ಪಿಸಿ ಬೋರ್ಡ್‌ಗಳಿಗೆ ಅಂತ ಪಿಪಿಸಿಬೂಟ್ ಹೆಸರಲ್ಲಿದ್ದ ಪ್ರಾಜೆಕ್ಟ್ 2002ರಲ್ಲಿ ಯು-ಬೂಟ್ ಅಂತ ಆಯ್ತು, ಅದನ್ನ ಕಟ್ಟಿ ಬೆಳೆಸಿದ ವೋಲ್ಫ್‌ಗ್ಯಾಂಗ್ ಡೆಂಕ್ 2022ರಲ್ಲಿ ತೀರಿಕೊಂಡ್ರು. ಇವತ್ತು ಲೆಕ್ಕವಿಲ್ಲದಷ್ಟು ಡಿವೈಸ್‌ಗಳ ಒಳಗೆ ಆ ಕೋಡ್ ಓಡ್ತಿದೆ, ಆದ್ರೆ ಅದನ್ನ ಬಳಸೋ ಜನಕ್ಕೆ ಆ ಹೆಸರೇ ಗೊತ್ತಿಲ್ಲ.

ಯು-ಬೂಟ್‌ನಲ್ಲಿ ಎನ್ವಿರಾನ್‌ಮೆಂಟ್ ಅಂತ ಒಂದಿದೆ, ಹೆಸರು ಮತ್ತೆ ಬೆಲೆ ಜೋಡಿಗಳ ಒಂದು ಪಟ್ಟಿ ಅಷ್ಟೇ. ಅದರಲ್ಲಿ ಬೂಟ್‌ಸಿಎಂಡಿ ಅನ್ನೋ ವೇರಿಯಬಲ್‌ನಲ್ಲಿ ಏನು ಬರೆದಿದೆಯೋ ಅದನ್ನೇ ಡಿವೈಸ್ ಆನ್ ಆದಾಗ ತಾನಾಗೇ ಓಡಿಸತ್ತೆ. ಈ ಪಟ್ಟಿ ಎರಡು ಕಡೆ ಇರತ್ತೆ, ಎಲ್ಲರೂ ಮರೆಯೋದು ಇದನ್ನೇ. ಒಂದು, ಬೂಟ್‌ಲೋಡರ್ ಕಂಪೈಲ್ ಮಾಡೋವಾಗಲೇ ಬೈನರಿ ಒಳಗೆ (ಅಂದ್ರೆ ಚಿಪ್ ನೇರವಾಗಿ ಓಡಿಸೋ ಫೈಲ್ ಒಳಗೆ) ಸೇರಿಹೋಗೋ ಡಿಫಾಲ್ಟ್ ಪಟ್ಟಿ. ಇನ್ನೊಂದು, ಫ್ಲ್ಯಾಶ್‌ನಲ್ಲೋ ಇಎಂಎಂಸಿಯಲ್ಲೋ (ಬೋರ್ಡ್‌ಗೇ ಬೆಸೆದ ಮೆಮೊರಿ ಕಾರ್ಡ್ ಥರದ್ದು) ಒಂದು ಜಾಗದಲ್ಲಿ ಸೇವ್ ಆಗಿರೋ ಪಟ್ಟಿ. ಆನ್ ಆದಾಗ ಸೇವ್ ಆಗಿರೋದನ್ನ ಮೊದಲು ಓದತ್ತೆ, ಅದರ ಶುರುವಿನಲ್ಲಿರೋ ಸಿಆರ್‌ಸಿ ಲೆಕ್ಕ (ಡೇಟಾ ಹಾಳಾಗಿದೆಯಾ ಅಂತ ನೋಡೋ ಸಂಖ್ಯೆ) ಸರಿಹೋದ್ರೆ ಅದನ್ನ ಬಳಸತ್ತೆ, ಸರಿಹೋಗಲಿಲ್ಲ ಅಂದ್ರೆ "ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡಿಫಾಲ್ಟ್ ಎನ್ವಿರಾನ್‌ಮೆಂಟ್" ಅಂತ ಸೀರಿಯಲ್ ಕನ್ಸೋಲ್‌ನಲ್ಲಿ (ಕೇಬಲ್ ಹಾಕಿ ಬೂಟ್‌ಲೋಡರ್ ಹೇಳೋದನ್ನ ಓದೋ, ಅದಕ್ಕೆ ಟೈಪ್ ಮಾಡೋ ಜಾಗ) ಒಂದು ಸಾಲು ಹಾಕಿ ಒಳಗಿನ ಡಿಫಾಲ್ಟ್‌ಗೆ ಇಳಿಯತ್ತೆ.

ಈಗ ಒಂದು ಪ್ರಾಡಕ್ಟ್ ಹೇಗೆ ತಯಾರಾಗತ್ತೆ ನೋಡಿ. ಚಿಪ್ ಮಾಡೋರು ಒಂದು ಡೆಮೋ ಬೋರ್ಡ್ ಕೊಡ್ತಾರೆ, ಅದರ ಜೊತೆ ಯು-ಬೂಟ್ ಸೋರ್ಸ್ ಬರತ್ತೆ, ಅದರ ಡಿಫಾಲ್ಟ್ ಇಂಜಿನಿಯರ್ ಟೇಬಲ್‌ಗೆ ಹೊಂದೋ ಥರ ಇರತ್ತೆ, ಅಂದ್ರೆ ಎಸ್‌ಡಿ ಕಾರ್ಡ್ ನೋಡು, ಇಲ್ಲದಿದ್ರೆ ನೆಟ್‌ವರ್ಕ್‌ನಲ್ಲಿ ಸರ್ವರ್‌ನಿಂದ ಕರ್ನಲ್ ಇಳಿಸ್ಕೋ ಅಂತ. ಟೇಬಲ್ ಮೇಲೆ ಇದು ತುಂಬಾ ಅನುಕೂಲ, ದಿನಕ್ಕೆ ಹತ್ತು ಸಲ ಕರ್ನಲ್ ಬದಲಾಯಿಸೋರಿಗೆ ಇನ್ನೇನು ಬೇಕು. ಪ್ರಾಡಕ್ಟ್ ಆಗೋ ಹೊತ್ತಿಗೆ ಡೆಡ್‌ಲೈನ್ ತಲೆ ಮೇಲೆ ಕೂತಿರತ್ತೆ, ಡಿಫಾಲ್ಟ್ ಬದಲಾಯಿಸಿ ಮತ್ತೆ ಕಂಪೈಲ್ ಮಾಡಿ ಟೆಸ್ಟ್ ಮಾಡೋಕೆ ಯಾರಿಗೂ ಟೈಮಿಲ್ಲ, ಫ್ಯಾಕ್ಟರಿಯಲ್ಲಿ ಒಂದು ಸ್ಕ್ರಿಪ್ಟ್ ಬರೆದು ಸೀರಿಯಲ್ ಕೇಬಲ್ ಹಾಕಿ ಬೂಟ್‌ಸಿಎಂಡಿ ಸೆಟ್ ಮಾಡಿ ಸೇವ್ ಕೊಟ್ರೆ ಆಯ್ತು ಅಂತ ಮುಗಿಸಿಬಿಡ್ತಾರೆ. ಡಿವೈಸ್ ಚೆನ್ನಾಗೇ ಏಳತ್ತೆ, ಟೆಸ್ಟ್ ಪಾಸ್, ಡಬ್ಬ ಪ್ಯಾಕ್. ಒಳಗೆ ಕಂಪೈಲ್ ಆಗಿರೋ ಡಿಫಾಲ್ಟ್ ಮಾತ್ರ ಅದೇ ಡೆಮೋ ಬೋರ್ಡಿಂದು.

ಆಮೇಲೆ ಒಂದಿನ ಅಪ್‌ಡೇಟ್ ಆಗ್ತಿರತ್ತೆ, ಅಪ್‌ಡೇಟ್ ಪ್ರೋಗ್ರಾಂ ಎನ್ವಿರಾನ್‌ಮೆಂಟ್‌ನಲ್ಲಿ ಒಂದು ವೇರಿಯಬಲ್ ಬದಲಾಯಿಸ್ತಿರತ್ತೆ. ನಾರ್ ಅನ್ನೋ ಥರದ ಫ್ಲ್ಯಾಶ್ ಆದ್ರೆ ಸೆಕ್ಟರ್ (ಅದರ ಒಂದು ತುಂಡು) ಪೂರ್ತಿ ಅಳಿಸಿ ಮತ್ತೆ ಬರೀಬೇಕು, ಅಳಿಸಿ ಆಗಿದೆ ಇನ್ನೂ ಬರೆದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯ್ತು. ವಾಪಸ್ ಬಂದಾಗ ಸಿಆರ್‌ಸಿ ಸರಿಹೋಗಲ್ಲ, ಡಿಫಾಲ್ಟ್‌ಗೆ ಇಳಿಯತ್ತೆ, ಡಿಫಾಲ್ಟ್ ಹೇಳತ್ತೆ ಸರ್ವರ್‌ನಿಂದ ಕರ್ನಲ್ ಇಳಿಸ್ಕೋ ಅಂತ. ಯಾವ ಸರ್ವರ್? ಯಾವತ್ತೋ ಯಾವುದೋ ಇಂಜಿನಿಯರ್ ಟೇಬಲ್ ಕೆಳಗಿದ್ದ ಕಂಪ್ಯೂಟರ್ ಐಪಿ ಅಡ್ರೆಸ್. ಇಂಥ ಡಿವೈಸ್‌ಗೆ ಸೀರಿಯಲ್ ಕೇಬಲ್ ಹಾಕಿ ನೋಡಿದ್ರೆ ಸ್ಕ್ರೀನ್ ಮೇಲೆ ಬೂಟ್‌ಪಿ ಬ್ರಾಡ್‌ಕಾಸ್ಟ್ 1, ಬೂಟ್‌ಪಿ ಬ್ರಾಡ್‌ಕಾಸ್ಟ್ 2 (ನನಗೊಂದು ಐಪಿ ಕೊಡಿ ಅಂತ ನೆಟ್‌ವರ್ಕ್‌ಗೆಲ್ಲ ಕೂಗೋದು) ಅಂತ ಬರ್ತಾ ಇರತ್ತೆ, ಇಲ್ಲ ಅಂದ್ರೆ ಉತ್ತರ ಬರದ ಪ್ರತಿ ಪ್ರಯತ್ನಕ್ಕೂ ಒಂದೊಂದು ಟಿ ಅಕ್ಷರ ಬೀಳ್ತಾ ಸಾಲುದ್ದಕ್ಕೂ ಟಿ ಟಿ ಟಿ ಟಿ. ಅಲ್ಲೇ ಫ್ಲ್ಯಾಶ್‌ನಲ್ಲಿ ಕರ್ನಲ್ ಇದೆ, ರೂಟ್ ಫೈಲ್‌ಸಿಸ್ಟಮ್ (ಲಿನಕ್ಸ್‌ನ ಉಳಿದ ಫೈಲ್‌ಗಳೆಲ್ಲ) ಇದೆ, ಎಲ್ಲಾ ಸರಿಯಾಗಿದೆ. ಅದನ್ನ ಓದು ಅಂತ ಹೇಳೋರಿಲ್ಲ ಅಷ್ಟೇ. ಮನೆಯವರಿಗೆ ಕಾಣೋದು ಒಂದು ಹಸಿರು ದೀಪ, ಅಲ್ಲಾಡದ ಪೆಟ್ಟಿಗೆ. ಸರ್ವಿಸ್‌ನೋರು ನೋಡಿ ಬೋರ್ಡ್ ಹೋಗಿದೆ ಅಂತ ಬದಲಾಯಿಸ್ತಾರೆ, ಒಳ್ಳೇ ಬೋರ್ಡ್ ಕಸಕ್ಕೆ ಹೋಗತ್ತೆ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಹಾಗಾಗಿ ನಾನು ಹೇಳೋದು ಇಷ್ಟೇ, ಬೈನರಿ ಒಳಗಿರೋ ಡಿಫಾಲ್ಟ್ ಒಂದರಿಂದಲೇ ಪ್ರಾಡಕ್ಟ್ ಪೂರ್ತಿ ಬೂಟ್ ಆಗಬೇಕು. ಸೇವ್ ಆಗಿರೋ ಎನ್ವಿರಾನ್‌ಮೆಂಟ್ ಪೂರ್ತಿ ಹಾಳಾಗಿದ್ರೂ ಡಿವೈಸ್ ಎದ್ದು ತನ್ನ ಕೆಲಸ ಶುರು ಮಾಡಬೇಕು. ಸೇವ್ ಮಾಡೋ ಜಾಗದಲ್ಲಿ ಇರಬೇಕಾದ್ದು ಬದಲಾಗೋ ಸ್ಥಿತಿ ಮಾತ್ರ, ಯಾವ ಸ್ಲಾಟ್‌ನಿಂದ (ಸಾಫ್ಟ್‌ವೇರ್‌ನ ಎರಡು ಕಾಪಿಗಳಲ್ಲಿ ಯಾವುದರಿಂದ) ಬೂಟ್ ಆಗಬೇಕು, ಎಷ್ಟು ಪ್ರಯತ್ನ ಬಾಕಿ ಇದೆ ಅನ್ನೋ ಥರದ್ದು. ಹೇಗೆ ಬೂಟ್ ಆಗಬೇಕು ಅನ್ನೋ ನಿಯಮ ಅಲ್ಲಿ ಇರಲೇಬಾರದು. ಬೇರ್‌ಬಾಕ್ಸ್ ಅಂತ ಇನ್ನೊಂದು ಬೂಟ್‌ಲೋಡರ್ ಇದೆ, ಅದರಲ್ಲಿ ಈ ಭೇದ ಡಿಸೈನ್‌ನಲ್ಲೇ ಇದೆ, ಸ್ಟೇಟ್ ಅಂತ ಬೇರೆ ಜಾಗ, ಬೂಟ್‌ಚೂಸರ್ ಅಂತ ಆಯ್ಕೆ ಮಾಡೋ ಭಾಗ ಬೇರೆ. ಯು-ಬೂಟ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಕಲಸಿಹೋಗಿರೋದ್ರಿಂದ ಬೇರೆ ಮಾಡೋ ಜವಾಬ್ದಾರಿ ನಮ್ಮದೇ.

ಅಪ್‌ಡೇಟ್‌ಗೆ ರಾಕ್ ಅನ್ನೋ ಟೂಲ್ ಬಳಸೋರಿಗೆ ಇದು ಚೆನ್ನಾಗಿ ಗೊತ್ತಿರತ್ತೆ. ಬೂಟ್ ಆರ್ಡರ್ ಅನ್ನೋ ವೇರಿಯಬಲ್‌ನಲ್ಲಿ ಎ ಮತ್ತೆ ಬಿ ಸ್ಲಾಟ್‌ಗಳ ಸರದಿ, ಪ್ರತಿ ಸ್ಲಾಟ್‌ಗೂ ಎಷ್ಟು ಪ್ರಯತ್ನ ಬಾಕಿ ಅನ್ನೋ ಎಣಿಕೆ. ಅದರ ಮಾದರಿ ಬೂಟ್ ಸ್ಕ್ರಿಪ್ಟ್‌ನ ಮೊದಲ ಸಾಲುಗಳೇ ಏನಂದ್ರೆ, ಬೂಟ್ ಆರ್ಡರ್ ಖಾಲಿ ಇದ್ರೆ "ಎ ಬಿ" ಅಂತ ಇಟ್ಕೋ, ಎಣಿಕೆ ಖಾಲಿ ಇದ್ರೆ 3 ಅಂತ ಇಟ್ಕೋ. ಅಂದ್ರೆ ಪಟ್ಟಿ ಕಳೆದುಹೋಗಿರಬಹುದು ಅನ್ನೋದನ್ನ ಮೊದಲೇ ಒಪ್ಕೊಂಡು ಶುರು ಮಾಡತ್ತೆ. ಆ ಕೆಲವು ಸಾಲು ಯಾವ ಕೋರ್ಸ್‌ಗಿಂತಲೂ ಚೆನ್ನಾಗಿ ಡಿಫಾಲ್ಟ್ ಡಿಸೈನ್ ಕಲಿಸತ್ತೆ ಅಂತ ನನ್ನ ಅನಿಸಿಕೆ.

ಎನ್ವಿರಾನ್‌ಮೆಂಟ್ ಎರಡು ಕಾಪಿ ಇಡೋ ಸೌಲಭ್ಯನೂ ಇದೆ, ಒಂದು ಸಲ ಇದಕ್ಕೆ ಬರೆದ್ರೆ ಮುಂದಿನ ಸಲ ಅದಕ್ಕೆ, ಹೀಗೆ ಬರೆಯೋ ಮಧ್ಯೆ ಪವರ್ ಹೋದ್ರೂ ಹಳೇದು ಉಳಿಯತ್ತೆ. ದುಡ್ಡು ಖರ್ಚಿಲ್ಲ, ಕೋಡ್ ಬರೆಯೋದಿಲ್ಲ, ಕಾನ್ಫಿಗ್‌ನಲ್ಲಿ ಒಂದು ಆಯ್ಕೆ, ಎರಡನೇ ಕಾಪಿ ಎಲ್ಲಿ ಅನ್ನೋ ವಿಳಾಸ, ಮುಗೀತು (ಲಿನಕ್ಸ್ ಕಡೆಯಿಂದ ಬರೆಯೋ ಟೂಲ್‌ನ ಫೈಲ್‌ನಲ್ಲೂ ಅದೇ ಎರಡು ವಿಳಾಸ ಹಾಕಬೇಕು, ಅಲ್ಲಿ ಒಂದು ಇಲ್ಲಿ ಎರಡು ಆದ್ರೆ ಕಥೆ ಕೆಡತ್ತೆ). ಆದ್ರೂ ಎಷ್ಟೋ ಪ್ರಾಡಕ್ಟ್‌ಗಳಲ್ಲಿ ಒಂದೇ ಕಾಪಿ ಯಾಕಿದೆ ಅಂತ ನನಗೆ ಅರ್ಥ ಆಗಲ್ಲ. ಇನ್ನೊಂದು ಮಾತು, ಈಥರ್ನೆಟ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಡಿವೈಸ್‌ನ ಗುರುತಿನ ನಂಬರ್) ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ ಇಡಬೇಡಿ. ಪಟ್ಟಿ ಹೋದ ದಿನ ಡಿವೈಸ್ ರ‍್ಯಾಂಡಮ್ ಅಡ್ರೆಸ್ ಹಾಕ್ಕೊಂಡು ಎದ್ದು ಬರತ್ತೆ, ನೆಟ್‌ವರ್ಕ್‌ನಲ್ಲಿ ಅದಕ್ಕೆ ಅಂತ ಕಾಯ್ದಿಟ್ಟ ಐಪಿ ಸಿಗಲ್ಲ, ಎದ್ದಿದ್ರೂ ಯಾರಿಗೂ ಕಾಣಲ್ಲ. ಅದಕ್ಕೆ ಇಇಪ್ರಾಮ್ ಅನ್ನೋ ಪುಟ್ಟ ಮೆಮೊರಿ ಚಿಪ್ ಇದೆ, ಚಿಪ್ ಒಳಗೆ ಒಂದೇ ಸಲ ಬರೆಯೋ ಫ್ಯೂಸ್ ಇದೆ, ಅಲ್ಲಿಡಿ.

ಈಗ ಬೂಟ್‌ಡಿಲೇ ವಿಷಯ. ಕರ್ನಲ್ ಲೋಡ್ ಮಾಡೋಕೂ ಮುಂಚೆ ಯು-ಬೂಟ್ ಒಂದೆರಡು ಸೆಕೆಂಡ್ ಕಾಯತ್ತೆ, ಯಾವುದಾದ್ರೂ ಕೀ ಒತ್ತಿದ್ರೆ ನಿಂತುಬಿಡತ್ತೆ, ಡಿಫಾಲ್ಟ್ 2 ಸೆಕೆಂಡ್. ಅದು ಮನುಷ್ಯ ಒತ್ತಿದ ಕೀನಾ ಇಲ್ಲ ಬೇರೆ ಏನಾದ್ರೂನಾ ಅಂತ ಅದಕ್ಕೆ ಗೊತ್ತಾಗಲ್ಲ, ಸೀರಿಯಲ್ ಲೈನ್ ಮೇಲೆ ಒಂದು ಕ್ಯಾರೆಕ್ಟರ್ ಬಂದ್ರೆ ಸಾಕು. ಪ್ರಾಡಕ್ಟ್‌ನಲ್ಲಿ ಕನ್ಸೋಲ್‌ನ ರಿಸೀವ್ ಪಿನ್ ಯಾವುದಕ್ಕೂ ಜೋಡಿಸದೆ ಗಾಳಿಯಲ್ಲಿ ಬಿಟ್ಟಿರ್ತಾರೆ, ಪಕ್ಕದಲ್ಲಿ ಮೋಟಾರೋ ರಿಲೇನೋ ಆನ್ ಆದಾಗ ಆ ಪಿನ್‌ನಲ್ಲಿ ಎದ್ದ ನಾಯ್ಸ್ ಒಂದು ಕಸದ ಕ್ಯಾರೆಕ್ಟರ್ ಥರ ಕಾಣತ್ತೆ, ಬೂಟ್ ನಿಲ್ಲತ್ತೆ, ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡಿ ಅಂತ ಕಾಯೋ ಸಾಲು) ಬರತ್ತೆ, ಅಲ್ಲೇ ಕೂತ್ಕೊಳ್ಳತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ಪಿನ್ ಕಡಿಮೆ ಇದೆ ಅಂತ ಅದೇ ಪೋರ್ಟ್‌ಗೆ ಜಿಪಿಎಸ್ ಮಾಡ್ಯೂಲ್ ಜೋಡಿಸೋದು, ಜಿಪಿಎಸ್ ಪಾಪ ಪವರ್ ಬಂದ ತಕ್ಷಣ ಸೆಕೆಂಡಿಗೊಂದ್ಸಲ ತನ್ನ ಸಾಲುಗಳನ್ನ ಕಳಿಸೋಕೆ ಶುರು ಮಾಡತ್ತೆ, ಬೂಟ್‌ಲೋಡರ್ ಅದನ್ನ ಯಾರೋ ಟೈಪ್ ಮಾಡ್ತಿದಾರೆ ಅಂದ್ಕೊಳ್ಳತ್ತೆ. ಇಂಥ ತೊಂದರೆ ಲ್ಯಾಬಲ್ಲಿ ಸಿಗೋದೇ ಇಲ್ಲ ಯಾಕಂದ್ರೆ ಲ್ಯಾಬಲ್ಲಿ ಆ ಪಿನ್‌ಗೆ ಯಾವಾಗ್ಲೂ ಕೇಬಲ್ ಹಾಕೇ ಇರ್ತಾರೆ, ಪಿನ್ ಗಾಳಿಯಲ್ಲಿ ಇರೋದು ಫೀಲ್ಡ್‌ನಲ್ಲಿ ಮಾತ್ರ. ಪರಿಹಾರ ಕಷ್ಟದ್ದೇನಲ್ಲ, ಪಿನ್‌ಗೆ ಒಂದು ಪುಲ್-ಅಪ್ ರೆಸಿಸ್ಟರ್ (ಪಿನ್‌ನ ವೋಲ್ಟೇಜ್ ಅಲ್ಲಾಡದ ಹಾಗೆ ಹಿಡಿಯೋದು), ಸಾಫ್ಟ್‌ವೇರ್ ಕಡೆ ಯಾವ ಕೀ ಆದ್ರೂ ನಿಲ್ಲಿಸೋ ಬದಲು ಒಂದು ಗೊತ್ತಾದ ಪದ ಟೈಪ್ ಮಾಡಿದ್ರೆ ಮಾತ್ರ ನಿಲ್ಲೋ ಥರ ಮಾಡೋ ಆಯ್ಕೆ, ಅದು ಯು-ಬೂಟ್‌ನಲ್ಲೇ ಇದೆ.

ಈ ಬೂಟ್‌ಡಿಲೇಯಲ್ಲಿ ಇನ್ನೊಂದು ಬಲೆ ಇದೆ. 0 ಅಂದ್ರೆ ಕಾಯಲ್ಲ ಆದ್ರೆ ಕೀ ಮೊದಲೇ ಒತ್ತಿದ್ರೆ ನಿಲ್ಲತ್ತೆ. ಮೈನಸ್ 2 ಅಂದ್ರೆ ಕಾಯಲ್ಲ, ಕೀನೂ ನೋಡಲ್ಲ. ಮೈನಸ್ 1 ಅಂದ್ರೆ ಆಟೋಬೂಟ್ ಪೂರ್ತಿ ಬಂದ್! ಕಾಯೋದೇ ಬೇಡ ಅಂದ್ಕೊಂಡು ಮೈನಸ್ 1 ಹಾಕಿದ್ರೆ ಡಿವೈಸ್ ಪ್ರತಿ ಸಲನೂ ಪ್ರಾಂಪ್ಟ್‌ನಲ್ಲಿ ನಿಲ್ಲತ್ತೆ. ಇಂಥ ಸಂಖ್ಯೆ ಹಾಕೋವಾಗ ಪಕ್ಕದಲ್ಲಿ ಒಂದು ಕಾಮೆಂಟ್ ಬರೆದ್ರೆ ಮುಂದೆ ಬರೋರು ನಿಮಗೆ ಕೈ ಮುಗೀತಾರೆ.

ಸರಿ, ಬೂಟ್‌ಸಿಎಂಡಿ ಓಡ್ತು, ಆದ್ರೆ ಅದರಲ್ಲಿ ಹೇಳಿದ ಯಾವುದೂ ಸಿಗಲಿಲ್ಲ, ಆಗೇನು? ಏನೂ ಹೇಳದಿದ್ರೆ ಯು-ಬೂಟ್ ಪ್ರಾಂಪ್ಟ್ ಕೊಟ್ಟು ಸುಮ್ಮನಾಗತ್ತೆ. ಕೀಬೋರ್ಡ್ ಮುಂದೆ ಮನುಷ್ಯ ಕೂತಿದ್ರೆ ಇದು ಸರಿ. ಕಂಬದ ಮೇಲೆ, ಪಂಪ್ ಹತ್ರ, ಬೀಗ ಹಾಕಿದ ಕ್ಯಾಬಿನೆಟ್ ಒಳಗೆ ಇರೋ ಡಿವೈಸ್‌ಗೆ ಪ್ರಾಂಪ್ಟ್ ಯಾಕೆ? ಬೂಟ್‌ಸಿಎಂಡಿಯ ಕೊನೆಯಲ್ಲಿ ಎಲ್ಲಾ ಸೋತ್ರೆ ಸ್ವಲ್ಪ ಕಾದು ರೀಸೆಟ್ ಆಗು ಅಂತ ಇರಲೇಬೇಕು, ಎಷ್ಟೋ ಸಲ ಇಎಂಎಂಸಿಯೋ ಎಸ್‌ಡಿ ಕಾರ್ಡೋ ವೋಲ್ಟೇಜ್ ಇನ್ನೂ ಸರಿಯಾಗಿ ಏರದೇ ಇದ್ದಾಗ ಮೊದಲ ಸಲ ಸೋತು ಎರಡನೇ ಸಲ ಸರಿಯಾಗತ್ತೆ. ಆದ್ರೆ ಬರೀ ರೀಸೆಟ್ ಹಾಕಿ ಕೈತೊಳೆದುಕೊಂಡ್ರೂ ಆಗಲ್ಲ, ಕರ್ನಲ್ ಲೋಡ್ ಆಗಿ ಅರ್ಧಕ್ಕೆ ಸತ್ತರೆ ಬೂಟ್‌ಲೋಡರ್‌ಗೆ ಅದು ಗೊತ್ತೇ ಆಗಲ್ಲ, ಅದು ತನ್ನ ಕೆಲಸ ಆಯ್ತು ಅಂದ್ಕೊಂಡಿರತ್ತೆ.

ಇದಕ್ಕೆ ಬೂಟ್‌ಕೌಂಟ್ ಇರೋದು. ಪ್ರತಿ ಸಲ ಬೂಟ್ ಆಗೋವಾಗ ಒಂದು ಎಣಿಕೆ ಏರತ್ತೆ, ಲಿನಕ್ಸ್ ಮೇಲೆ ಬಂದು ನಮ್ಮ ಅಪ್ಲಿಕೇಶನ್ ನಿಜವಾಗ್ಲೂ ಕೆಲಸ ಮಾಡ್ತಿದೆ ಅಂತ ಖಾತ್ರಿ ಆದ್ಮೇಲೆ ಅದನ್ನ ಸೊನ್ನೆ ಮಾಡಬೇಕು. ಎಣಿಕೆ ಬೂಟ್‌ಲಿಮಿಟ್ ದಾಟಿದ್ರೆ ಯು-ಬೂಟ್ ಬೂಟ್‌ಸಿಎಂಡಿ ಬಿಟ್ಟು ಆಲ್ಟ್‌ಬೂಟ್‌ಸಿಎಂಡಿ ಓಡಿಸತ್ತೆ, ಅಲ್ಲಿ ಹಳೇ ಸ್ಲಾಟ್‌ಗೆ ಹೋಗೋದೋ ರೆಸ್ಕ್ಯೂ ಇಮೇಜ್ (ಇಂಥ ಹೊತ್ತಿಗೆ ಅಂತ ಇಟ್ಟ ಬೇರೆ ಸಾಫ್ಟ್‌ವೇರ್ ಕಾಪಿ) ಎಬ್ಬಿಸೋದೋ ಬರೀಬೇಕು. ಬೂಟ್‌ಲಿಮಿಟ್ ಇಟ್ಟು ಆಲ್ಟ್‌ಬೂಟ್‌ಸಿಎಂಡಿ ಬರೆಯೋದು ಮರೆತ್ರೆ ಲಿಮಿಟ್ ದಾಟಿದ ದಿನ ಡಿವೈಸ್ ಪ್ರಾಂಪ್ಟ್‌ಗೇ ಬೀಳತ್ತೆ, ಅಲ್ಲಿಗೆ ರಕ್ಷಣೆಗೆ ಅಂತ ಇಟ್ಟಿದ್ದೇ ಮುಳುವಾಯ್ತು. ಮತ್ತೆ ಈ ಎಣಿಕೆ ಎಲ್ಲಿ ಇಡ್ತೀರ ಅನ್ನೋದೂ ಯೋಚನೆ ಮಾಡಬೇಕಾದ್ದೇ. ಎನ್ವಿರಾನ್‌ಮೆಂಟ್‌ನಲ್ಲಿ ಇಟ್ರೆ ಪ್ರತಿ ಬೂಟ್‌ಗೂ ಫ್ಲ್ಯಾಶ್ ಬರೀಬೇಕು, ಫ್ಲ್ಯಾಶ್ ಸವೆಯತ್ತೆ, ಜೊತೆಗೆ ಪ್ರತಿ ಬೂಟ್‌ನಲ್ಲೂ ಪಟ್ಟಿ ಹಾಳಾಗೋ ಒಂದು ಅವಕಾಶ ನಾವೇ ಕೊಟ್ಟಂಗೆ. ಅದಕ್ಕೇ ಅಪ್‌ಗ್ರೇಡ್ ಅವೈಲಬಲ್ ಅನ್ನೋ ಇನ್ನೊಂದು ವೇರಿಯಬಲ್ 1 ಇದ್ದಾಗ ಮಾತ್ರ ಎಣಿಸೋ ಥರ ಮಾಡಿದಾರೆ. ಚಿಪ್‌ನಲ್ಲಿ ರೀಸೆಟ್ ಆದ್ರೂ ಅಳಿಯದ ರಿಜಿಸ್ಟರ್ ಇದ್ರೆ, ಆರ್‌ಟಿಸಿಯಲ್ಲಿ (ಬೋರ್ಡ್‌ನ ಗಡಿಯಾರದ ಚಿಪ್‌ನಲ್ಲಿ) ಚೂರು ಮೆಮೊರಿ ಇದ್ರೆ ಅಲ್ಲಿಡೋದೇ ನನ್ನ ಪ್ರಕಾರ ಸರಿ.

ವಾಚ್‌ಡಾಗ್ (ಹ್ಯಾಂಗ್ ಆದ್ರೆ ತಾನಾಗೇ ರೀಸೆಟ್ ಮಾಡೋ ಟೈಮರ್) ಇಲ್ಲದೆ ಇದ್ಯಾವುದಕ್ಕೂ ಅರ್ಥ ಇಲ್ಲ ಅಂತನೂ ಹೇಳಿಬಿಡ್ತೀನಿ, ಯಾಕಂದ್ರೆ ಎಣಿಕೆ ಏರಬೇಕು ಅಂದ್ರೆ ಡಿವೈಸ್ ರೀಸೆಟ್ ಆಗಬೇಕು, ಹ್ಯಾಂಗ್ ಆಗಿ ನಿಂತಿದ್ರೆ ಯಾರು ರೀಸೆಟ್ ಮಾಡ್ತಾರೆ? ಬೂಟ್‌ಲೋಡರ್‌ನಲ್ಲೇ ವಾಚ್‌ಡಾಗ್ ಶುರು ಮಾಡಿ, ಕರ್ನಲ್‌ಗೆ ಬಿಡೋ ಮುಂಚೆ ಆಫ್ ಮಾಡದೇ ಹಾಗೇ ಬಿಡಬೇಕು. ಕರ್ನಲ್‌ಗೆ ಕೊಡೋ ಬೂಟ್ ಆರ್ಗ್ಯುಮೆಂಟ್‌ನಲ್ಲಿ ಪ್ಯಾನಿಕ್ ಅನ್ನೋದಕ್ಕೆ 10 ಅಂತ ಹಾಕಿದ್ರೆ ಕರ್ನಲ್ ಪ್ಯಾನಿಕ್ ಆದಾಗ (ಮುಂದೆ ಹೋಗೋಕಾಗದ ತಪ್ಪಾದಾಗ) 10 ಸೆಕೆಂಡ್ ಬಿಟ್ಟು ತಾನೇ ರೀಬೂಟ್ ಆಗತ್ತೆ, ಏನೂ ಹಾಕದಿದ್ರೆ ಸಾಮಾನ್ಯವಾಗಿ ಅಲ್ಲೇ ಶಾಶ್ವತವಾಗಿ ನಿಲ್ಲತ್ತೆ. ರೂಟ್‌ವೇಟ್ ಅಂತ ಹಾಕಿದ್ರೆ ರೂಟ್ ಡಿಸ್ಕ್ ಕಾಣೋವರೆಗೂ ಕಾಯತ್ತೆ, ಎಸ್‌ಡಿ, ಇಎಂಎಂಸಿ, ಯುಎಸ್‌ಬಿಗೆ ಇದು ಬೇಕೇ ಬೇಕು, ಆದ್ರೆ ಡಿಸ್ಕ್ ಸತ್ತೇಹೋಗಿದ್ರೆ ಕೊನೆಯಿಲ್ಲದೇ ಕಾಯತ್ತೆ, ಅಲ್ಲೂ ವಾಚ್‌ಡಾಗೇ ಗತಿ. ಇನ್ನು ರೂಟ್ ಡಿಸ್ಕ್‌ನ ಎಂಎಂಸಿ ಬ್ಲಾಕ್ 0, ಪಾರ್ಟಿಷನ್ 2 ಅಂತ ನಂಬರ್ ಹಾಕಿ ಹೇಳೋ ಅಭ್ಯಾಸ ಬಿಡಬೇಕು, ಕರ್ನಲ್ ಹೊಸದು ಹಾಕಿದಾಗ ಎಸ್‌ಡಿ ಮತ್ತೆ ಇಎಂಎಂಸಿ ನಂಬರ್ ಅದಲುಬದಲು ಆಗಿ ನಿನ್ನೆವರೆಗೂ ಏಳ್ತಿದ್ದ ಡಿವೈಸ್ ಇವತ್ತು ಏಳಲ್ಲ. ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಬದಲಾಗದ ಗುರುತು) ಹಾಕಿ, ಅದಕ್ಕೆ ಇನಿಟ್‌ಆರ್‌ಡಿ (ಬೂಟ್ ಶುರುವಿಗೆ ಮೆಮೊರಿಗೆ ತುಂಬೋ ಪುಟ್ಟ ಫೈಲ್‌ಸಿಸ್ಟಮ್) ಕೂಡ ಬೇಕಿಲ್ಲ.

ಎಲ್ಲಿಂದ ಬೂಟ್ ಆಗಬೇಕು ಅನ್ನೋ ಸರದಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ. ಕಲಿಯೋರ ಬೋರ್ಡ್‌ನಲ್ಲಿ ಎಲ್ಲಾ ಕಡೆ ಹುಡುಕೋದು ಸರಿ. ರಾಸ್ಪ್‌ಬೆರಿ ಪೈ 4ರಲ್ಲಿ ಬೂಟ್ ಆರ್ಡರ್ ಅಂತ ಒಂದು ಸಂಖ್ಯೆ ಇಇಪ್ರಾಮ್‌ನಲ್ಲಿ ಇರತ್ತೆ, ಎಫ್41 ಅಂತ, ಅದನ್ನ ಬಲದಿಂದ ಎಡಕ್ಕೆ ಓದಬೇಕು, 1 ಅಂದ್ರೆ ಎಸ್‌ಡಿ ಕಾರ್ಡ್, 4 ಅಂದ್ರೆ ಯುಎಸ್‌ಬಿ, ಎಫ್ ಅಂದ್ರೆ ಮತ್ತೆ ಮೊದಲಿಂದ ಶುರು. ಎಷ್ಟು ಚಿಕ್ಕದು, ಎಷ್ಟು ಸ್ಪಷ್ಟ, ಕೊನೆಯಲ್ಲಿ ಸೋತು ನಿಲ್ಲೋದೇ ಇಲ್ಲ ನೋಡಿ. ಆದ್ರೆ ಪ್ರಾಡಕ್ಟ್ ಅಂದ್ಮೇಲೆ ಅದು ಬೂಟ್ ಆಗೋದು ಒಂದೇ ಜಾಗದಿಂದ, ಆ ಜಾಗದ ಎರಡು ಸ್ಲಾಟ್‌ನಿಂದ. ಯುಎಸ್‌ಬಿ ಮೊದಲು ಅಂತ ಬಿಟ್ರೆ ಯಾರು ಬೇಕಾದ್ರೂ ಪೆನ್‌ಡ್ರೈವ್ ಚುಚ್ಚಿ ತಮ್ಮ ಸಾಫ್ಟ್‌ವೇರ್ ಓಡಿಸಬಹುದು, ಅದೂ ಬೇಡ, ಡೇಟಾ ತುಂಬಿದ ಪೆನ್‌ಡ್ರೈವ್ ಯಾರೋ ಮರೆತು ಬಿಟ್ಟಿದ್ರೂ ಅದನ್ನ ಹುಡುಕೋದ್ರಲ್ಲೇ ಟೈಮ್ ಹೋಗತ್ತೆ. ನೆಟ್‌ವರ್ಕ್ ಬೂಟ್ ಪಟ್ಟಿಯಲ್ಲಿ ಕೊನೆಗಾದ್ರೂ ಇರಲಿ ಅಂತಾರೆ ಕೆಲವರು, ನಾನು ಬೇಡ ಅಂತೀನಿ, ಕೇಬಲ್ ಇಲ್ಲದಾಗ ಅದು ಟೈಮ್‌ಔಟ್ ಆಗೋವರೆಗೂ ಕಾಯೋದು ಸುಮ್ನೆ, ಕೇಬಲ್ ಇದ್ದಾಗ ಆ ನೆಟ್‌ವರ್ಕ್‌ನಲ್ಲಿ ಯಾರು ಉತ್ತರ ಕೊಡ್ತಾರೋ ಅವರ ಮಾತು ಕೇಳೋ ಥರ ಆಗತ್ತೆ.

ಈ ಸೆಟ್ಟಿಂಗ್‌ಗಳನ್ನ ಬರೆಯೋ ರೀತಿನೂ ಮುಖ್ಯ. ಹಳೇ ಬೋರ್ಡ್‌ಗಳಲ್ಲಿ ಪೂರ್ತಿ ಬೂಟ್ ಸ್ಕ್ರಿಪ್ಟ್ ಒಂದು ಸಿ ಹೆಡರ್ ಫೈಲ್ ಒಳಗೆ ಸ್ಟ್ರಿಂಗ್ ಥರ ಇರತ್ತೆ, ಪ್ರತಿ ಸಾಲಿಗೂ ಕೋಟ್, ಬ್ಯಾಕ್‌ಸ್ಲ್ಯಾಶ್ ಸೊನ್ನೆ, ಮ್ಯಾಕ್ರೋ ಒಳಗೆ ಮ್ಯಾಕ್ರೋ. ಒಂದು ಬ್ಯಾಕ್‌ಸ್ಲ್ಯಾಶ್ ಸೊನ್ನೆ ಬಿಟ್ಟುಹೋದ್ರೆ ಎರಡು ವೇರಿಯಬಲ್ ಅಂಟಿಕೊಂಡು ಒಂದಾಗತ್ತೆ, ಕಂಪೈಲರ್ ತುಟಿ ಪಿಟಕ್ ಅನ್ನಲ್ಲ. ಹೀಗಿದ್ರೆ ಯಾರು ಓದ್ತಾರೆ, ಯಾರು ರಿವ್ಯೂ ಮಾಡ್ತಾರೆ? ಓದೋಕಾಗದ ಕಾರಣಕ್ಕೇ ಎಲ್ಲರೂ ಕಣ್ಣುಮುಚ್ಚಿ ಕಾಪಿ ಹೊಡೀತಾರೆ. ಈಗ ಅದೇ ವಿಷಯವನ್ನ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಬರೆಯಬಹುದು, ದಯವಿಟ್ಟು ಹಾಗೆ ಮಾಡಿ. ಇನ್ನೂ ಒಳ್ಳೇದು ಅಂದ್ರೆ ಬೂಟ್‌ಲೋಡರ್‌ಗೆ ಕಡಿಮೆ ಹೇಳಿ, ಡಿಸ್ಕ್ ಮೇಲಿರೋ ಫೈಲ್‌ಗೆ ಜಾಸ್ತಿ ಬಿಡೋದು. 2014ರ ಸುಮಾರಿಗೆ ಬಂದ ಡಿಸ್ಟ್ರೋ ಬೂಟ್ (ಡಿಸ್ಟ್ರೋ ಅಂದ್ರೆ ಉಬುಂಟು, ಡೆಬಿಯನ್ ಥರದ ರೆಡಿ ಲಿನಕ್ಸ್) ಈ ದಾರಿ ಹಿಡೀತು, 2022ರಲ್ಲಿ ಯು-ಬೂಟ್‌ಗೆ ಸೇರಿದ ಸ್ಟ್ಯಾಂಡರ್ಡ್ ಬೂಟ್ ಅದನ್ನ ಸ್ಕ್ರಿಪ್ಟ್ ಗೋಜಲಿಂದ ತೆಗೆದು ಸರಿಯಾದ ಕೋಡ್ ಮಾಡ್ತು, ಯಾವ ಡಿವೈಸ್, ಯಾವ ವಿಧಾನ, ಸಿಕ್ಕ ಬೂಟ್‌ಫ್ಲೋ (ಬೂಟ್ ಆಗೋ ದಾರಿ) ಯಾವುದು ಅಂತ ಬೇರೆ ಬೇರೆ. ಬೂಟ್ ಪಾರ್ಟಿಷನ್‌ನಲ್ಲಿ ಎಕ್ಸ್ಟ್‌ಲಿನಕ್ಸ್ ಅನ್ನೋ ಫೋಲ್ಡರ್‌ನಲ್ಲಿ ಒಂದು ಕಾನ್ಫ್ ಫೈಲ್, ಅದರಲ್ಲಿ ಲೇಬಲ್, ಕರ್ನಲ್ ಎಲ್ಲಿ, ಡಿವೈಸ್ ಟ್ರೀ ಎಲ್ಲಿ, ಆರ್ಗ್ಯುಮೆಂಟ್ ಏನು, ಐದಾರು ಸಾಲು, ಯಾರು ಬೇಕಾದ್ರೂ ಓದಬಹುದು. (ಅದರಲ್ಲಿ ಟೈಮ್‌ಔಟ್ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಇರತ್ತೆ, 30 ಅಂದ್ರೆ 3 ಸೆಕೆಂಡ್.) ದೊಡ್ಡ ಡಿಸ್ಟ್ರೋಗಳನ್ನ ಹಾಕೋ ಬೋರ್ಡ್ ಆದ್ರೆ ಪಿಸಿಗಳಲ್ಲಿರೋ ಇಎಫ್ಐ ದಾರಿ ಇದೆ, ಚಿಪ್ ಡಿಸೈನ್ ಮಾಡೋ ಆರ್ಮ್ ಕಂಪನಿಯೋರ ಇಬಿಬಿಆರ್ ಅನ್ನೋ ನಿಯಮಾವಳಿ ಅದಕ್ಕೇ ಇರೋದು, ಬೋರ್ಡ್ ಬದಲಾದ್ರೂ ಅದೇ ಇಮೇಜ್ ಬೂಟ್ ಆಗಲಿ ಅಂತ. ಚಿಕ್ಕ ಪ್ರಾಡಕ್ಟ್‌ಗೆ ಎಕ್ಸ್ಟ್‌ಲಿನಕ್ಸ್ ಸಾಕು, ಎರಡು ಸ್ಲಾಟ್ ಇದ್ರೆ ಮೇಲೊಂದು ಚಿಕ್ಕ ಸ್ಕ್ರಿಪ್ಟ್.

ಬೂಟ್‌ಲೋಡರ್‌ನಲ್ಲಿ ಉಳಿಯಲೇಬೇಕಾದ್ದು ಮೆಮೊರಿ ವಿಳಾಸಗಳು, ಕರ್ನಲ್ ರ‍್ಯಾಮ್‌ನಲ್ಲಿ ಎಲ್ಲಿಗೆ, ಡಿವೈಸ್ ಟ್ರೀ ಎಲ್ಲಿಗೆ, ಇನಿಟ್‌ಆರ್‌ಡಿ ಎಲ್ಲಿಗೆ ಅಂತ. ಇವನ್ನ ಅಕ್ಕಪಕ್ಕ ಒತ್ತೊತ್ತಾಗಿ ಇಟ್ಟಿರ್ತಾರೆ, ಕರ್ನಲ್ ವರ್ಷ ವರ್ಷ ದಪ್ಪ ಆಗತ್ತೆ, ಒಂದಿನ ಅದರ ಬಾಲದ ಮೇಲೇ ಇನಿಟ್‌ಆರ್‌ಡಿ ಬಂದು ಕೂರತ್ತೆ, "ಸ್ಟಾರ್ಟಿಂಗ್ ಕರ್ನಲ್" ಅಂತ ಬಂದು ಆಮೇಲೆ ಒಂದಕ್ಷರನೂ ಬರಲ್ಲ. ರ‍್ಯಾಮ್ ಇದೆಯಲ್ಲ, ಧಾರಾಳವಾಗಿ ಜಾಗ ಬಿಡಿ.

ಭದ್ರತೆ ವಿಷಯಕ್ಕೆ ಬಂದ್ರೆ, ಇಮೇಜ್‌ಗೆ ಡಿಜಿಟಲ್ ಸಹಿ ಹಾಕಿ ಬೂಟ್‌ಲೋಡರ್‌ನಲ್ಲಿ ಅದನ್ನ ಪರೀಕ್ಷೆ ಮಾಡಿಸ್ತೀವಿ ಅಂತ ಎಷ್ಟೋ ಕಡೆ ಹೇಳ್ಕೋತಾರೆ, ಆದ್ರೆ ಬೂಟ್‌ಸಿಎಂಡಿ ಮಾತ್ರ ಯಾರು ಬೇಕಾದ್ರೂ ಬರೆಯೋ ಎನ್ವಿರಾನ್‌ಮೆಂಟ್‌ನಲ್ಲಿ ಇರತ್ತೆ. ಆ ಒಂದು ಸಾಲು ಬದಲಾಯಿಸಿದ್ರೆ ಸಹಿ ನೋಡೋ ಹೆಜ್ಜೆನೇ ಹಾರಿಸಬಹುದಾದ್ರೆ ಸಹಿಗೇನು ಬೆಲೆ? ಅಲ್ಲಿಗೆ ಮತ್ತೆ ಅದೇ ಮಾತು, ನಿಯಮ ಬೈನರಿ ಒಳಗೆ, ಸ್ಥಿತಿ ಮಾತ್ರ ಹೊರಗೆ. ಬರೆಯಬಹುದಾದ ವೇರಿಯಬಲ್‌ಗಳು ಇವಿಷ್ಟೇ ಅಂತ ಪಟ್ಟಿ ಮಾಡಿ ಉಳಿದದ್ದನ್ನ ಬಂದ್ ಮಾಡೋ ಆಯ್ಕೆ ಯು-ಬೂಟ್‌ನಲ್ಲಿ ಇದೆ. ಹಾಗಂತ ಕನ್ಸೋಲ್‌ನೇ ಪೂರ್ತಿ ಸೀಲ್ ಮಾಡಿ ರಿಪೇರಿ ಮಾಡೋರಿಗೆ ಏನೂ ಕಾಣದ ಹಾಗೆ ಮಾಡೋದನ್ನ ನಾನು ಒಪ್ಪಲ್ಲ. ಬೂಟ್ ಮೆಸೇಜ್ ಕಾಣಲಿ, ಯಾಕೆ ನಿಂತಿದೆ ಅಂತ ಓದೋಕಾಗಲಿ, ಬದಲಾಯಿಸೋಕೆ ಮಾತ್ರ ಪಾಸ್‌ವರ್ಡ್ ಇರಲಿ, ಆ ಪಾಸ್‌ವರ್ಡ್‌ನ ಹ್ಯಾಶ್ (ವಾಪಸ್ ಪಾಸ್‌ವರ್ಡ್ ಮಾಡೋಕಾಗದ ರೂಪ) ಮಾತ್ರ ಬೈನರಿಯಲ್ಲಿ ಇಡಬಹುದು. ಕಂಪನಿ ಸಪೋರ್ಟ್ ನಿಲ್ಲಿಸಿದ ದಿನ ಆ ಪಾಸ್‌ವರ್ಡ್ ಗ್ರಾಹಕರಿಗೆ ಕೊಟ್ಟುಬಿಡಲಿ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಂಬೆಡೆಡ್ ಪಾಠ ಮಾಡೋ ಮೇಷ್ಟ್ರುಗಳಿಗೂ ಒಂದು ವಿನಂತಿ. ಎಲ್‌ಇಡಿ ಮಿಣುಕಿಸೋದು, ಸೆನ್ಸರ್ ಓದೋದು ಕಲಿಸ್ತೀರ, ಖುಷಿ. ಒಂದು ಮಧ್ಯಾಹ್ನ ಮಕ್ಕಳಿಗೆ ಸೀರಿಯಲ್ ಕನ್ಸೋಲ್ ಮುಂದೆ ಕೂರಿಸಿ ಬೂಟ್ ಆಗೋ ಪ್ರತಿ ಸಾಲನ್ನ ಓದಿಸಿ, ಮಧ್ಯದಲ್ಲಿ ಪವರ್ ಕಿತ್ತು ತೋರಿಸಿ. ಕೆಲಸಕ್ಕೆ ಬರೋ ಹೊಸ ಹುಡುಗ ಹುಡುಗಿಯರಲ್ಲಿ ಬೂಟ್‌ಲೋಡರ್ ಪ್ರಾಂಪ್ಟ್ ನೋಡಿದೋರು ಸಿಗೋದೇ ಅಪರೂಪ, ಆದ್ರೆ ಅದೇ ಡಿಫಾಲ್ಟ್ ಬರೆಯೋ ಕೆಲಸ ಹೊಸಬರ ತಲೆಗೇ ಕಟ್ಟೋದು, ಚಿಕ್ಕ ಕೆಲಸ ಅಂತ. ಅದು ಚಿಕ್ಕ ಕೆಲಸ ಅಲ್ಲ ಸಾರ್, ಟೀಮಲ್ಲಿ ಅನುಭವ ಇರೋರು ಕೂತು ಮಾಡಬೇಕಾದ ಕೆಲಸ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ಡಿವೈಸ್‌ಗಳ ವಿಮರ್ಶೆ ಬರೆಯೋರು ಡಿವೈಸ್ ಆನ್ ಆಗಿ ಏಳೋ ಮಧ್ಯೆ, ಅಪ್‌ಡೇಟ್ ಆಗೋ ಮಧ್ಯೆ, ಬೇರೆ ಬೇರೆ ಹೊತ್ತಲ್ಲಿ ಪ್ಲಗ್ ಕಿತ್ತು ಹಾಕಿ ನೋಡಲಿ, ಪ್ರತಿ ಸಲ ತಾನಾಗೇ ಎದ್ದು ಬಂತಾ ಇಲ್ವಾ ಅಂತ ವಿಮರ್ಶೆಯಲ್ಲಿ ಒಂದು ಸಾಲು ಬರೀಲಿ. ಡಿವೈಸ್ ಮಾಡೋ ಟೀಮ್‌ಗಳಿಗೆ ಇನ್ನೂ ಸುಲಭದ ದಾರಿ ಇದೆ: ಡಬ್ಬಕ್ಕೆ ಹಾಕೋ ಮುಂಚೆ ಒಂದು ಪೀಸ್ ತಗೊಳ್ಳಿ, ಎನ್ವಿರಾನ್‌ಮೆಂಟ್ ಇರೋ ಜಾಗವನ್ನ, ಎರಡು ಕಾಪಿ ಇದ್ರೆ ಎರಡನ್ನೂ, ಪೂರ್ತಿ ಅಳಿಸಿ, ಸೀರಿಯಲ್ ಕೇಬಲ್ ತೆಗೆದುಬಿಡಿ, ಈಥರ್ನೆಟ್ ಕೇಬಲ್ ತೆಗೆದುಬಿಡಿ, ಪವರ್ ಹಾಕಿ. ಅದು ಯಾರ ಸಹಾಯನೂ ಇಲ್ಲದೇ ಎದ್ದು ತನ್ನ ಕೆಲಸ ಶುರು ಮಾಡಿದ್ರೆ ಮಾತ್ರ ಮಾರಾಟಕ್ಕೆ ಕಳಿಸಿ.

ಇತಿ ತಮ್ಮ ಓದುಗ,
ಒಬ್ಬ ಎಂಬೆಡೆಡ್ ಸಾಫ್ಟ್‌ವೇರ್ ಇಂಜಿನಿಯರ್